ಒಂದು ಇಂಚಿನ ಮನೆ: ₹500ರೊಳಗೆ ನಕ್ಷೆ, ಕಾಯಿ ಮಾಡಿಕೊಂಡಿದ್ದು

ಈ ಕೆಲಸಕ್ಕೆ ಕೈ ಹಾಕಿದ್ದು ಒಂದು ಕಂಬದ ದೆಸೆಯಿಂದ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬರು ಕತೆ ನಡೆಸುತ್ತಾ ಹೋಗುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಆಡುತ್ತಾರೆ. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ಅವತ್ತು ಕತೆಯಲ್ಲಿ ಕುಳ್ಳ ರಾಕ್ಷಸರಾದ ಗಾಬ್ಲಿನ್‌ಗಳು ಕೋಣೆಗೆ ನುಗ್ಗಿದವು. "ಬಾಗಿಲಲ್ಲಿ ನಿಂತಿರೋ ರೋಗ್ ಮೇಲೆ ಎರಡು ಗಾಬ್ಲಿನ್ ಬೀಳ್ತವೆ" ಅಂದೆ. ರೋಗ್, ಅಂದರೆ ಅಡಗಿ ಹೊಂಚು ಹಾಕುವ ಕಳ್ಳನ ಪಾತ್ರ, ನನ್ನ ಚಿಕ್ಕಪ್ಪನ ಮಗನದು. "ಅಕ್ಕಾ, ನಾನೆಲ್ಲಿ ಬಾಗಿಲಲ್ಲಿದ್ದೆ? ಕಂಬದ ಹಿಂದೆ ಅಡಗಿದ್ದೀನಿ ಅಂತ ಆಗ್ಲೇ ಹೇಳಿದ್ನಲ್ಲ" ಅಂದ.

ಹೇಳಿದ್ದು ನಿಜ. ನಾನು ಕೇಳಿಸಿಕೊಂಡಿದ್ದೂ ನಿಜ. ಆದರೆ ಅವನ ಮನಸ್ಸಿನಲ್ಲಿದ್ದ ಕಂಬ ಕೋಣೆಯ ಆಚೆ ತುದಿಯಲ್ಲಿತ್ತು, ನನ್ನದು ಬಾಗಿಲ ಪಕ್ಕದಲ್ಲೇ ಇತ್ತು. ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತು. ಒಂದೇ ಮೇಜಿನ ಸುತ್ತ ಕೂತಿದ್ದರೂ ಐವರೂ ಒಂದೊಂದು ಕೋಣೆಯಲ್ಲಿ ಆಡುತ್ತಿದ್ದೆವು. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ. ನಕ್ಷೆ ಬೇಕು, ಕಾಯಿ ಬೇಕು, ಖರ್ಚು ₹500 ದಾಟಬಾರದು. ಹೊರದೇಶದಿಂದ ಬರುವ ಬಣ್ಣದ ಗೊಂಬೆ ಒಂದೊಂದಕ್ಕೆ ನೂರಾರು ರೂಪಾಯಿ. ಹತ್ತು ಗಾಬ್ಲಿನ್ ಬೇಕಾದ ಕಡೆ ಆ ದಾರಿ ಹಿಡಿಯೋಕಾಗಲ್ಲ.

ಮೊದಲು ಅಳತೆ. ಈ ಆಟದ ಈಗಿನ ಲೆಕ್ಕದಲ್ಲಿ ಒಂದು ಇಂಚಿನ ಚೌಕ ಅಂದರೆ 5 ಅಡಿ ಜಾಗ. ಚೌಕಾಬಾರ ಆಡಿ ಬೆಳೆದವರಾದ್ದರಿಂದ ಚೌಕಕ್ಕೆ ನಾವು ಮನೆ ಅಂತಲೇ ಅನ್ನುತ್ತೇವೆ, ಟೋಕನ್‌ಗೆ ಕಾಯಿ. ಒಂದು ಸರದಿಗೆ 30 ಅಡಿ ನಡೆಯುವ ಮನುಷ್ಯ ಆರು ಮನೆ ಹೋಗುತ್ತಾನೆ. ಮನುಷ್ಯ, ಗಾಬ್ಲಿನ್ ಎಲ್ಲ ಒಂದು ಮನೆಯ ಕಾಯಿ. ಓಗರ್ ಅನ್ನುವ ದೈತ್ಯ ನಿಂತರೆ ಅಗಲಕ್ಕೆ ಎರಡು, ಉದ್ದಕ್ಕೆ ಎರಡು, ಒಟ್ಟು ನಾಲ್ಕು ಮನೆ ಬೇಕು. ಅದಕ್ಕಿಂತ ದೊಡ್ಡ ದೈತ್ಯ ಹಿಲ್ ಜೈಂಟ್‌ಗೆ ಒಂಬತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರತಂದಾಗ ನಡಿಗೆಯ ವೇಗವನ್ನೇ ಇಂಚಿನಲ್ಲಿ ಬರೆದಿದ್ದರು. ಆಗ ನೆಲಮಾಳಿಗೆಯೊಳಗೆ ಒಂದು ಇಂಚು ಅಂದರೆ 10 ಅಡಿ. ಅಡಿಯ ಲೆಕ್ಕ ಬದಲಾಯಿತು, ಇಂಚು ಹಾಗೇ ಉಳಿಯಿತು. ನಾನು ಪಟ್ಟ ಪಾಡೆಲ್ಲ ಈ ಒಂದು ಇಂಚಿನದೇ.

ಮೊದಲ ಪ್ರಯತ್ನ ಕೈ ಕೊಟ್ಟಿತು. ಬಿಳಿ ಚಾರ್ಟ್ ಶೀಟಿನ ಮೇಲೆ ಇಂಚಿಗೊಂದು ಗೆರೆ ಎಳೆದೆ. ಊಟದ ಮೇಜಿಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಶೀಟು ಮೀಟರ್ ಲೆಕ್ಕದಲ್ಲಿ ಸಿಗುತ್ತದಲ್ವಾ, ಅದನ್ನು ಒಂದು ಮೀಟರ್ ತಂದು ಮೇಲೆ ಹೊದಿಸಿದೆ. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಗೋಡೆ ಬರೆದೆ, ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ತುಂಬಾ ಖುಷಿಯಾಯಿತು. ಆ ಭಾನುವಾರ ಕಾಳಗ ಅರ್ಧಕ್ಕೆ ನಿಂತಿದ್ದರಿಂದ ಶೀಟನ್ನು ಹಾಗೇ ಸುರುಳಿ ಸುತ್ತಿ ಬೀರುವಿನ ಮೇಲಿಟ್ಟೆ. ವಾರ ಬಿಟ್ಟು ಬಿಚ್ಚಿ ಒರೆಸಿದರೆ ಕಪ್ಪು ಹೋಯಿತು, ನೀಲಿ ಸುಮಾರಾಗಿ ಹೋಯಿತು, ಕೆಂಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸ್ಪಿರಿಟ್ ಹಾಕಿ ತಿಕ್ಕಿದೆ. ಗೆರೆ ಹೋಗಿ ಗುಲಾಬಿ ನೆರಳು ಉಳಿಯಿತು.

ಕಾರಣ ಆ ಪ್ಲಾಸ್ಟಿಕ್ಕಿನ ಮೆತ್ತಗಿನ ಗುಣವೇ. ಪಿವಿಸಿ ಬಾಗಲಿ ಅಂತ ಅದರಲ್ಲಿ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಮಾರ್ಕರ್‌ನ ಬಣ್ಣ ನಿಧಾನಕ್ಕೆ ಅದರೊಳಗೆ ಇಳಿದುಬಿಡುತ್ತದೆ. ಈ ಆಟಕ್ಕೆ ಹಾಸುವ ವಿನೈಲ್ ಬ್ಯಾಟಲ್ ಮ್ಯಾಟ್‌ಗಳದ್ದೂ ಇದೇ ಕತೆ. ಅದಕ್ಕೇ ಅವುಗಳ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವ ಮಾರ್ಕರ್ ಮಾತ್ರ ಬಳಸಿ ಅನ್ನುವುದು. ಹಾಗಾದರೆ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸು ಅಂದರು ಒಬ್ಬರು. ಅದೂ ಪಿವಿಸಿಯೇ. ಜೊತೆಗೆ ನಮ್ಮ ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧವಾಗಿದೆ. ಅದನ್ನು ಬಿಟ್ಟೆ.

ಆಮೇಲೆ ಹೊಳೆದದ್ದು ಲ್ಯಾಮಿನೇಷನ್. ಝೆರಾಕ್ಸ್ ಅಂಗಡಿಯಲ್ಲಿ ಬಿಸಿ ಮಾಡಿ ಅಂಟಿಸುವ ಆ ಹಾಳೆಯ ಮೇಲ್ಪದರ ಪಾಲಿಯೆಸ್ಟರ್. ಗಟ್ಟಿ ಮೈ, ಬಣ್ಣ ಒಳಗೆ ಇಳಿಯುವುದಿಲ್ಲ. ದೊಡ್ಡದು ಅಂದರೆ ಅಲ್ಲಿ ಎ3 ಸಿಗುತ್ತದೆ. ಎ3 ಹಾಳೆ 297 ಮಿಮೀ ಅಗಲ, 420 ಮಿಮೀ ಉದ್ದ. ಇಂಚು ಅಂದರೆ 25.4 ಮಿಮೀ. ಅಂದರೆ 11 ಮನೆ ಅಗಲ, 16 ಮನೆ ಉದ್ದ ಹಿಡಿಸಿ ಸುತ್ತ ಸ್ವಲ್ಪ ಅಂಚು ಉಳಿಯುತ್ತದೆ. ಪ್ರಿಂಟರ್‌ಗೂ ಅಷ್ಟು ಅಂಚು ಬೇಕೇ ಬೇಕು. ಇಂಥ ನಾಲ್ಕು ಹಾಳೆ ಸೇರಿಸಿದರೆ 22 ಮನೆ, 32 ಮನೆ. ಆಟದ ಲೆಕ್ಕದಲ್ಲಿ 110 ಅಡಿಗೆ 160 ಅಡಿ. ಒಂದು ಪಾಳುಗುಡಿ, ಅದರ ಅಂಗಳ, ಹೊರಗಿನ ಕಾಡಿನ ಅಂಚು ಎಲ್ಲ ಹಿಡಿಸುತ್ತದೆ.

ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೆರೆಗಳ ಜಾಲ ಬರೆದು ಪಿಡಿಎಫ್ ಮಾಡಿ ಅಂಗಡಿಗೆ ಕಳಿಸಿದೆ. ಹಾಳೆ ಕೈಗೆ ಬಂದಾಗ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಮನೆಗೆ ತಂದು ಸ್ಕೇಲು ಇಟ್ಟರೆ ಒಂದು ಮನೆ 24 ಮಿಮೀ. ಒಂದೂವರೆ ಮಿಲಿಮೀಟರ್ ತಾನೇ, ಇರಲಿ ಅನ್ನಿಸಿತು. ಆಮೇಲೆ 16 ಮನೆ ಒಟ್ಟಿಗೆ ಅಳೆದೆ. 40.6 ಸೆಂಮೀ ಇರಬೇಕಾದ ಕಡೆ 38.4 ಇತ್ತು. ಹೆಚ್ಚುಕಡಿಮೆ ಒಂದು ಇಡೀ ಮನೆಯೇ ಮಾಯ! ಪ್ರಿಂಟ್ ಕೊಡುವಾಗ ಹಾಳೆಗೆ ಹೊಂದಿಸುವ ಆಯ್ಕೆ ಆನ್ ಆಗಿತ್ತು. ಅದು ಅಂಚು ಬಿಡೋಕೆ ಇಡೀ ಚಿತ್ರವನ್ನೇ ಕುಗ್ಗಿಸುತ್ತದೆ. "ಆ್ಯಕ್ಚುವಲ್ ಸೈಜ್, ನೂರು ಪರ್ಸೆಂಟ್" ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಿರಲಿಲ್ಲ. ಈಗ ಅಂಗಡಿಯಲ್ಲೇ ಒಂದು ಹಾಳೆ ತೆಗೆಸಿ, ಹತ್ತು ಮನೆ ಅಳೆದು, 25.4 ಸೆಂಮೀ ಬಂದ ಮೇಲೆ ಉಳಿದದ್ದು ತೆಗೆಸುತ್ತೇನೆ. ಒಂದೇ ಮನೆ ಅಳೆದರೆ ಈ ತಪ್ಪು ಕಣ್ಣು ತಪ್ಪಿಸುತ್ತದೆ.

ಹೇಗೂ ಮತ್ತೆ ತೆಗೆಸಲೇಬೇಕಲ್ಲ ಅಂತ ಆ ಕುಗ್ಗಿದ ಹಾಳೆಯ ಮೇಲೇ ಮಾರ್ಕರ್‌ನಲ್ಲಿ ಒಂದು ಗುಡಿ ಬರೆದು ನೋಡಿದೆ. ಗೋಡೆಯ ಗೆರೆ ಯಾವುದು, ಮನೆಯ ಗೆರೆ ಯಾವುದು ದೂರದಿಂದ ತಿಳಿಯುತ್ತಿರಲಿಲ್ಲ. ಅಮ್ಮ ಕಾಫಿ ತಂದವರು ಹಿಂದೆ ನಿಂತು ನೋಡಿದರು. "ಇಷ್ಟೊಂದು ಗೆರೆ ಯಾಕೆ? ಚುಕ್ಕಿ ಸಾಲದಾ? ನಾವು ರಂಗೋಲಿಗೆ ಚುಕ್ಕಿ ಇಟ್ಕೊಂಡೇ ಅಲ್ವಾ ಅಷ್ಟು ದೊಡ್ಡದು ಎಳೆಯೋದು" ಅಂದರು. ಸರಿಯಾದ ಮಾತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನೋಡುತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ಗೆರೆ ತೆಗೆದು ಮನೆಗಳ ಮೂಲೆಯಲ್ಲಿ ಮಾತ್ರ ಬೂದು ಚುಕ್ಕಿ ಇಟ್ಟೆ. ಅಗಲಕ್ಕೆ 12, ಉದ್ದಕ್ಕೆ 17, ಹಾಳೆಗೆ 204 ಚುಕ್ಕಿ. ಒಂದು ಸಾಲು ಮಾಡಿಕೊಂಡು ಅದನ್ನೇ ಕೆಳಗೆ ನಕಲು ಮಾಡುತ್ತಾ ಹೋದರೆ ಹತ್ತು ನಿಮಿಷದ ಕೆಲಸ. ಈಗ ಗೋಡೆ ಎಳೆದರೆ ಗೋಡೆಯೊಂದೇ ಎದ್ದು ಕಾಣುತ್ತದೆ. ಎಣಿಸಬೇಕು ಅಂದರೆ ಚುಕ್ಕಿ ಇದ್ದೇ ಇದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ನಾಲ್ಕು ಹಾಳೆ ಸೇರಿಸುವ ಕೆಲಸ ಸ್ವಲ್ಪ ನಾಜೂಕಿನದು. ಲ್ಯಾಮಿನೇಷನ್ ಆದ ಮೇಲೆ ಅಂಚು ಕತ್ತರಿಸಿದರೆ ಕಾಗದ ಬಾಯಿಬಿಟ್ಟುಕೊಂಡು ನೀರು ಕುಡಿಯುತ್ತದೆ. ಅದಕ್ಕೆ ಕೂಡುವ ಎರಡು ಬದಿಗಳನ್ನು ಮೊದಲೇ, ಕಾಗದ ಇದ್ದಾಗಲೇ, ಕೊನೆಯ ಚುಕ್ಕಿ ಸಾಲಿನ ಸರಿಯಾಗಿ ನಡುವೆ ಬ್ಲೇಡಿನಿಂದ ಕತ್ತರಿಸಿದೆ. ಪ್ರತಿ ಹಾಳೆಯ ಅಂಚಿನಲ್ಲೂ ಅರ್ಧ ಚುಕ್ಕಿ ಉಳಿಯಿತು. ಆಮೇಲೆ ಲ್ಯಾಮಿನೇಷನ್. ಆ ಬದಿಯಲ್ಲಿ ಒಂದು ಮಿಲಿಮೀಟರ್‌ನಷ್ಟು ಬರೀ ಪ್ಲಾಸ್ಟಿಕ್ ಬಿಟ್ಟು ಉಳಿದದ್ದು ಕತ್ತರಿಸಿದೆ. ನೆಲದ ಮೇಲೆ ಬೋರಲು ಹಾಕಿ, ಅರ್ಧ ಚುಕ್ಕಿಗೆ ಇನ್ನರ್ಧ ಚುಕ್ಕಿ ಎದುರಾಗುವ ಹಾಗೆ ಜೋಡಿಸಿ, ಹಿಂದಿನಿಂದ ಅಗಲದ ಟೇಪ್ ಹಾಕಿದೆ. ಸೇರಿದ ಕಡೆ ಒಟ್ಟು ಎರಡು ಮಿಮೀ ಜಾಗ ಹೆಚ್ಚು. ಇವತ್ತಿನವರೆಗೆ ಯಾರೂ ಗಮನಿಸಿಲ್ಲ.

ನಾಲ್ಕು ಹಾಳೆಗೆ ನಾಲ್ಕು ಕೂಡಿಕೆ ಬರುತ್ತವೆ. ನಾಲ್ಕಕ್ಕೂ ಟೇಪ್ ಹಾಕಿದ್ದೆ. ಎರಡು ಮಡಿಕೆ ಮಾಡುವಾಗ ನಡುಮಧ್ಯದಲ್ಲಿ ಸುಕ್ಕು ಎದ್ದು ಪ್ಲಾಸ್ಟಿಕ್ ಬಿಳಿಚಿಕೊಂಡಿತು. ಅಂಗಡಿಯ ಬೋರ್ಡ್ ಗೇಮ್ ಒಂದನ್ನು ಬಿಚ್ಚಿ ನೋಡಿದರೆ ಅದರಲ್ಲಿ ಒಂದು ಕೂಡಿಕೆ ಸೀಳಿಯೇ ಇರುತ್ತದೆ. ನಾನೂ ಒಂದು ಟೇಪ್ ಕಿತ್ತೆ. ಈಗ ಆರಾಮಾಗಿ ಮಡಚಿ ಎ3 ಅಳತೆಗೆ ಬರುತ್ತದೆ. ಒಂದು ತೊಂದರೆ ಉಳಿದಿದೆ. ಮೇಲ್ಮೈ ಹೊಳೆಯುವುದರಿಂದ ನೆತ್ತಿಯ ಮೇಲಿನ ದೀಪ ಹಾಕಿದರೆ ಎದುರು ಕೂತವರಿಗೆ ಬೆಳಕಷ್ಟೇ ಕಾಣುತ್ತದೆ. ಪಕ್ಕದ ಗೋಡೆಯ ದೀಪ ಹಾಕಿ ಆಡುತ್ತೇವೆ. ಬಣ್ಣ ವಾರಗಟ್ಟಲೆ ಒಣಗಿ ಕೂತಿದ್ದರೆ ಅದರ ಮೇಲೆ ಅದೇ ಮಾರ್ಕರ್‌ನಿಂದ ಮತ್ತೆ ಗೀಚಿ ತಕ್ಷಣ ಒರೆಸಿ. ಹೊಸ ಶಾಯಿಯ ದ್ರಾವಕ ಹಳೆಯದನ್ನೂ ಎಬ್ಬಿಸಿಕೊಂಡು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಕೈಗೆ ಹಾಕುವ ಸ್ಯಾನಿಟೈಸರ್.

ಇನ್ನು ಕಾಯಿ. ಚೌಕಾಬಾರಕ್ಕೆ ನಾವು ಕಾಯಿ ಕೊಂಡವರಲ್ಲ. ಹುಣಸೆ ಬೀಜ, ಬಳೆ ಚೂರು, ಬಟನ್, ಕೈಗೆ ಸಿಕ್ಕಿದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ದಿನಗಳೂ ಹಾಗೇ ಇದ್ದವು. ಗೈಗ್ಯಾಕ್ಸ್ ಹಾಂಗ್‌ಕಾಂಗ್‌ನಲ್ಲಿ ಮಾಡಿದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೊಟ್ಟಣ ತಂದು ಮೇಜಿನ ಮೇಲಿಟ್ಟಿದ್ದರು. ಅದರಲ್ಲಿದ್ದ ವಿಚಿತ್ರ ಆಕಾರದ ಪ್ರಾಣಿಗಳಿಂದಲೇ ಔಲ್‌ಬೇರ್, ರಸ್ಟ್ ಮಾನ್‌ಸ್ಟರ್ ಅನ್ನುವ ಆಟದ ಭಯಂಕರ ಪ್ರಾಣಿಗಳು ಹುಟ್ಟಿದ್ದು. ಇವತ್ತಿಗೂ ಆಡುವವರು ಅವಕ್ಕೆ ಹೆದರುತ್ತಾರೆ. ಇದು ಗೊತ್ತಾದ ಮೇಲೆ ನನಗೆ ಅಗ್ಗದ ಕಾಯಿಯ ಬಗ್ಗೆ ಗೌರವವೇ ಬಂತು.

ಸೋಡಾ ಬಾಟಲಿಯ ಮುಚ್ಚಳ ಮೊದಲು ತಂದೆ. ಒಳಗಡೆ ಒಂದು ಇಂಚಿನ ಚಿತ್ರ ಚೆನ್ನಾಗಿ ಕೂರುತ್ತದೆ. ಆದರೆ ಹೊರಗಿನ ಅಗಲ 32 ಮಿಮೀ. 10 ಅಡಿಯ ಓಣಿ ಎರಡು ಮನೆ, ಅಂದರೆ 51 ಮಿಮೀ. ಎರಡು ಮುಚ್ಚಳ ಪಕ್ಕಪಕ್ಕ ಇಟ್ಟರೆ 64. ಓಣಿಯಲ್ಲಿ ಇಬ್ಬರು ನಿಲ್ಲೋಕೇ ಆಗಲಿಲ್ಲ. ಕೇರಂ ಕಾಯಿಯೂ ಮೂರು ಸೆಂಮೀ ಮೀರುತ್ತದೆ, ಅದೂ ಬೇಡ. ನಾಣ್ಯ ಅಳೆದೆ. 2011ರ ಸರಣಿಯ ₹2 ಸರಿಯಾಗಿ 25 ಮಿಮೀ, ಅದೇ ಸರಣಿಯ ₹5 23 ಮಿಮೀ. ನಾಣ್ಯದ ಮೇಲೆ ಗೋಂದು ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಅದನ್ನಿಟ್ಟು ಸುತ್ತ ಗೆರೆ ಎಳೆಯೋಕೆ ಮಾತ್ರ ಬಳಸಿದೆ. ₹5ರ ನಾಣ್ಯವೇ ಒಳ್ಳೆಯದು. ಕಾಯಿ ಮನೆಯಷ್ಟೇ ಅಗಲ ಇದ್ದರೆ ಪಕ್ಕದ್ದನ್ನು ತಳ್ಳದೆ ಬೆರಳಲ್ಲಿ ಎತ್ತೋಕಾಗಲ್ಲ.

ರಟ್ಟು ಬೇಕಿತ್ತು. ಕೊರಿಯರ್ ಡಬ್ಬದ ರಟ್ಟು ಅಂಚಿನಲ್ಲಿ ನಜ್ಜುಗುಜ್ಜಾಗುತ್ತದೆ. ಹಳೆಯ ಲಗ್ನಪತ್ರಿಕೆಗಳು ಒಂದು ಚೀಲ ತುಂಬಾ ಇದ್ದವು. ಗಟ್ಟಿ, ನುಣುಪು, ಕತ್ತರಿಗೆ ಚೆನ್ನಾಗಿ ಬಗ್ಗುತ್ತದೆ. "ಗಣಪತಿ ಇರೋ ಕಡೆ ಕತ್ತರಿ ಹಾಕ್ಬೇಡ ಕಣೆ" ಅಂದರು ಅಮ್ಮ. ಆ ಭಾಗ ತೆಗೆದಿಟ್ಟು ಉಳಿದದ್ದರಲ್ಲಿ 30 ಬಿಲ್ಲೆ ಕತ್ತರಿಸಿದೆ. ಫ್ಯಾನ್ ಹಾಕಿದ ಕೂಡಲೇ ಅರ್ಧ ಗಾಬ್ಲಿನ್ ಸೈನ್ಯ ಮೇಜಿನ ಕೆಳಗೆ ಹೋಯಿತು.

ಭಾರ ಬೇಕು ಅಂತ ಗೊತ್ತಾದ ಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. "12 ಎಂಎಂ ವಾಷರ್ ಕೊಡಿ" ಅಂದರೆ, "ಎಷ್ಟು ಮೇಡಂ, ಲೂಸಾ, ಕೆಜಿ ಲೆಕ್ಕದಲ್ಲಾ?" ಅಂತ ಕೇಳಿದರು. 12 ಎಂಎಂ ಅನ್ನುವುದು ಬೋಲ್ಟಿನ ಅಳತೆ. ವಾಷರ್‌ನ ಹೊರಗಿನ ಅಗಲ 24 ಮಿಮೀ. ಒಂದಿಂಚಿನ ಮನೆಗೆ ಹೇಳಿ ಮಾಡಿಸಿದಂತೆ ಇದೆ. ಒಂದೊಂದು ಸುಮಾರು ಆರು ಗ್ರಾಂ, ಕಾಲು ಕೆಜಿಗೆ ನಲವತ್ತು ಬಂದವು. ಎಲ್ಲ ಕಡೆ ಅಗಲ ಒಂದೇ ಇರುವುದಿಲ್ಲ, ಸ್ಕೇಲು ಜೇಬಲ್ಲಿ ಇಟ್ಟುಕೊಂಡು ಹೋಗಿ.

ಬಿಲ್ಲೆಯನ್ನು ಬಿಳಿ ಗೋಂದಿನಲ್ಲಿ ಅಂಟಿಸಿದೆ. ಎರಡನೇ ವಾರ ಆಟದ ನಡುವೆ ಪಟಪಟ ಬಿಟ್ಟುಕೊಂಡವು. ವಾಷರ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ ಇರುತ್ತದೆ. ಕೈಗೆ ಅಷ್ಟಾಗಿ ತಿಳಿಯುವುದಿಲ್ಲ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪಗೆ ಬರುತ್ತದೆ. ಎಲ್ಲವನ್ನೂ ಬಿಸಿನೀರಿಗೆ ಹಾಕಿ, ಪಾತ್ರೆ ತೊಳೆಯುವ ಪುಡಿಯಲ್ಲಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿದೆ. ಎರಡೂ ಮುಖವನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಎಳೆದೆ. ಹೊಳಪು ಹೋಗಿ ಸಣ್ಣ ಗೀರು ಬೀಳಬೇಕು, ಅಷ್ಟು ಸಾಕು. ಆಮೇಲೆ ಗೋಂದಿನ ಬದಲು ಡಬಲ್ ಸೈಡ್ ಟೇಪ್. ಟೇಪಿನ ಪಟ್ಟಿಯ ಮೇಲೆ ವಾಷರ್‌ಗಳನ್ನು ಸಾಲಾಗಿ ಒತ್ತಿ, ಸುತ್ತ ಬ್ಲೇಡ್ ಆಡಿಸಿ, ಮೇಲೊಂದು ಬಿಲ್ಲೆ, ಕೆಳಗೊಂದು ಬಿಲ್ಲೆ. ನಡುವಿನ ತೂತು ಮುಚ್ಚಿಹೋಯಿತು. ಕಾಯಿ ಹಿಡಿದರೆ ಕೈಗೆ ತಣ್ಣಗೆ, ತೂಕವಾಗಿ ಕೂರುತ್ತದೆ. ಮೇಜಿನ ಮೇಲಿಟ್ಟಾಗ ಟಕ್ ಅನ್ನುತ್ತದೆ. ಫ್ಯಾನ್ ಐದರಲ್ಲಿದ್ದರೂ ಅಲುಗಾಡುವುದಿಲ್ಲ.

ಮೇಲ್ಮುಖದಲ್ಲಿ ಪಾತ್ರದ ಚಿತ್ರ ಬಿಡಿಸಿದ್ದೇನೆ. ಗಾಬ್ಲಿನ್‌ಗಳಿಗೆ ಚಿತ್ರ ಒಂದೇ, ಜೊತೆಗೆ ದಪ್ಪಗೆ ಒಂದು ಅಕ್ಷರ: ಕ, ಖ, ಗ, ಘ. "ಗ ಮೇಲೆ ಬಾಣ ಬಿಡ್ತೀನಿ" ಅಂದರೆ ಯಾರ ಮೇಲೆ ಅಂತ ಮತ್ತೆ ಕೇಳಬೇಕಿಲ್ಲ. ಹಿಮ್ಮುಖ ಬೂದು ಬಣ್ಣ. ಸತ್ತರೆ ಕಾಯಿ ತೆಗೆಯುವುದಿಲ್ಲ, ಮಗುಚಿ ಹಾಕುತ್ತೇವೆ. ಇದು ಆಮೇಲೆ ಬಹಳ ಕೆಲಸಕ್ಕೆ ಬಂತು.

ಉಳಿದ ಸಣ್ಣಪುಟ್ಟ ಸಾಮಾನು ಮನೆಯಲ್ಲೇ ಸಿಕ್ಕಿತು. ನೀರಿನ ಬಾಟಲಿಯ ಕತ್ತಿನಲ್ಲಿ ಉಳಿಯುವ ಪ್ಲಾಸ್ಟಿಕ್ ರಿಂಗ್ ಈ ಕಾಯಿಯ ಸುತ್ತ ಸಲೀಸಾಗಿ ಕೂರುತ್ತದೆ. ನೀಲಿ ರಿಂಗ್ ಇದ್ದರೆ ವಿಷ ಏರಿದೆ, ಬಿಳಿ ಇದ್ದರೆ ಹೆದರಿದ್ದಾನೆ. ಅರ್ಧ ಶಕ್ತಿ ಹೋದವರ ಮೇಲೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು. ಬಿಟ್ಟ ಸೋಡಾ ಮುಚ್ಚಳಗಳೂ ಉಪಯೋಗಕ್ಕೆ ಬಂದವು. ಹಾರುವವರ ಕಾಯಿಯ ಕೆಳಗೆ ಇಡುತ್ತೇವೆ, ಒಂದು ಮುಚ್ಚಳ ಅಂದರೆ 10 ಅಡಿ ಎತ್ತರ. ಫೈರ್‌ಬಾಲ್ ಅನ್ನುವ ಬೆಂಕಿಯುಂಡೆಯ ಮಂತ್ರಕ್ಕೆ ಮಾತ್ರ ಯೋಚನೆ ಮಾಡಬೇಕಾಯಿತು. ಅದರ ತ್ರಿಜ್ಯ 20 ಅಡಿ, ಅಂದರೆ ಎಂಟು ಇಂಚು ಅಗಲದ ವೃತ್ತ. ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಮರದ ರಿಂಗ್ ಎಂಟು ಇಂಚಿನದೇ ಸಿಗುತ್ತದೆ! ಮ್ಯಾಚಿಂಗ್ ಸೆಂಟರ್‌ನಲ್ಲಿ ತಂದೆ. ನಕ್ಷೆಯ ಮೇಲಿಟ್ಟರೆ ಯಾರು ಒಳಗೆ, ಯಾರು ಹೊರಗೆ ಎಲ್ಲರಿಗೂ ಕಾಣುತ್ತದೆ, ವಾದಕ್ಕೆ ಜಾಗವೇ ಇಲ್ಲ.

ಲೆಕ್ಕ ಹೀಗಿದೆ. ಪ್ರಿಂಟ್ ₹60, ಲ್ಯಾಮಿನೇಷನ್ ₹200, ವಾಷರ್ ₹50, ನಾಲ್ಕು ಬಣ್ಣದ ಮಾರ್ಕರ್ ₹100, ಟೇಪ್‌ಗಳು ₹35, ಕಸೂತಿ ರಿಂಗ್ ₹45. ಒಟ್ಟು ₹490. ಹಾಳಾದ ಪ್ಲಾಸ್ಟಿಕ್ ಶೀಟು, ಕುಗ್ಗಿದ ಪ್ರಿಂಟು ಇದರಲ್ಲಿ ಸೇರಿಲ್ಲ. ಅದು ಸುಮಾರು ₹180.

ಮೊದಲ ದೊಡ್ಡ ಆಟಕ್ಕೆ ಒಂದು ಕೋಟೆ ಬರೆದೆ. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿ ನೋಡಿದಾಗಿನಿಂದ ಅದು ನನ್ನ ಮನಸ್ಸಲ್ಲೇ ಇತ್ತು. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಿ ಬರಬೇಕಾದ ಸಂದು, ಹೊರಗೆ ತಲೆ ಹಾಕಿದವನಿಗೆ ಒನಕೆಯ ಏಟು. ನನ್ನ ಕೋಟೆ ಕಲ್ಪನೆಯದು, ಆದರೆ ಬಂಡೆಯ ನಡುವೆ ಒಂದೇ ಮನೆ ಅಗಲದ, ನಾಲ್ಕು ಮನೆ ಉದ್ದದ ಕಿಂಡಿ ಇಟ್ಟೆ. ಒಳಗೆ ನಾಲ್ಕು ಜನ ಆಟಗಾರರು. ಹೊರಗೆ ಕ ಇಂದ ಠ ವರೆಗೆ, ಹನ್ನೆರಡು ಗಾಬ್ಲಿನ್. ಙ, ಞ ಕೂಡ ಬಿಟ್ಟಿರಲಿಲ್ಲ.

ಫೈಟರ್, ಅಂದರೆ ಯೋಧನ ಪಾತ್ರ ಆಡುವ ಗೆಳತಿ ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿದಳು. ಕಿಂಡಿಯ ಎದುರಿಗೆ ನಿಲ್ಲಲಿಲ್ಲ. ಪಕ್ಕದ ಮನೆಗೆ ಕಾಯಿ ಸರಿಸಿದಳು, ಬಂಡೆಯ ಮರೆಗೆ. ನಾನು ಬಾಯಲ್ಲೇ ವರ್ಣಿಸಿದ್ದರೆ ಈ ಜಾಗ ಅವಳಿಗೆ ಹೊಳೆಯುತ್ತಿರಲಿಲ್ಲ ಅಂತ ಅವಳೇ ಆಮೇಲೆ ಹೇಳಿದಳು. ಕ ಬಂತು, ಬಿತ್ತು, ಕಾಯಿ ಮಗುಚಿದೆವು. ಖ ಬಂತು, ಅದೂ ಅಲ್ಲೇ ಬಿತ್ತು. ಕಿಂಡಿಯ ಬಾಯಲ್ಲಿ ಒಂದರ ಮೇಲೊಂದು ಎರಡು ಬೂದು ಕಾಯಿ ಕೂತವು. ಮೂರನೆಯದಕ್ಕೆ ಸರದಿ ಬಂದಾಗ ರೋಗ್ ಆಡುವ ಚಿಕ್ಕಪ್ಪನ ಮಗ ಮೇಜಿನ ಮೇಲೆ ಬಗ್ಗಿ, "ಅಕ್ಕಾ, ತಾಳು. ಒಳಗಿಂದ ಬರೋನಿಗೆ ಹೆಣ ಕಾಣುತ್ತಲ್ವಾ? ಅವನು ಕೂಗ್ಕೊಂಡ್ರೆ ಉಳಿದವರು ಬರೋದೇ ಇಲ್ಲ" ಅಂದ. ಕ್ಲೆರಿಕ್, ಅಂದರೆ ಪೂಜಾರಿಯ ಪಾತ್ರದವಳು, ತನ್ನ ಸರದಿ ಪೂರ್ತಿ ಖರ್ಚು ಮಾಡಿ ಎರಡೂ ಕಾಯಿಯನ್ನು ಪಕ್ಕದ ಮನೆಗೆ ಎಳೆದಳು. ಓಬವ್ವ ಮಾಡಿದ್ದೂ ಅದನ್ನೇ. ನಾನು ಒಂದು ಮಾತೂ ಹೇಳಿರಲಿಲ್ಲ. ನನ್ನ ಕೈ ರೋಮ ನಿಮಿರಿತು.

ಏಳು ಗಾಬ್ಲಿನ್ ಹೀಗೇ ಹೋದವು. ಎಂಟನೆಯದು ತಪ್ಪಿಸಿಕೊಂಡು ಕೂಗಿತು. ಆಮೇಲಿನದು ಬಯಲು ಯುದ್ಧ. ಅದು ಮುಗಿದಾಗ ರಾತ್ರಿ ಎಂಟು. ಒಣ ಬನಿಯನ್ ಬಟ್ಟೆಯಲ್ಲಿ ಒರೆಸಿದೆ. ಕೆಂಪು ಗೋಡೆಯೂ ಸೇರಿ ಎಲ್ಲ ಹೋಗಿ ಚುಕ್ಕಿ ಮಾತ್ರ ಉಳಿಯಿತು.

ಮುಂದಿನ ವಾರ ಹಿಲ್ ಜೈಂಟ್ ಬರಬೇಕು. ಅದಕ್ಕೆ ಮೂರು ಮನೆ ಅಗಲದ ಕಾಯಿ ಬೇಕು, 76 ಮಿಮೀ ದಾಟಬಾರದು. ಅಡುಗೆಮನೆಯ ಡಬ್ಬಿಗಳ ಮುಚ್ಚಳ ಒಂದೊಂದೇ ಅಳೆಯುತ್ತಿದ್ದೇನೆ. ಉಪ್ಪಿನಕಾಯಿ ಬಾಟಲಿಯದು 74 ಬಂತು. ಉಪ್ಪಿನಕಾಯಿ ಇನ್ನೂ ಅರ್ಧ ಇದೆ.